ಹಳೇ ಯಮಹಾ ಆರ್‌ಎಕ್ಸ್ 100ಗೆ ಬೇರೆ ಗಾಡಿಯ ಡಿಸ್ಕ್ ಬ್ರೇಕ್ ಕೂರಿಸುವುದು: ಅಳತೆಯಿಂದ ಟೆಸ್ಟ್ ರೈಡ್‌ವರೆಗೆ

ಗುಜರಿಯಿಂದ ಡಿಸ್ಕ್ ಇರುವ ವೀಲು, ಒಂದು ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ತಂದಿಟ್ಟುಕೊಂಡು "ಇದು ನನ್ನ ಆರ್‌ಎಕ್ಸ್‌ಗೆ ಕೂರುತ್ತಾ?" ಅಂತ ಕೇಳುವವರು ತುಂಬಾ ಜನ. ಸುಮ್ನೆ ಹಾಗೇ ಕೂರುವುದಿಲ್ಲ. ಆಮೇಲೆ ಲೇತ್‌ಗೆ ಓಡುತ್ತಾರೆ, ಅಂತರ ತುಂಬಲು ಒಂದು ಬುಶ್ (ಲೋಹದ ಬಳೆ) ಮಾಡಿಸುತ್ತಾರೆ, ಅದನ್ನು ಕೂರಿಸಲು ಇನ್ನೊಂದು ಕಡೆ ಉಜ್ಜುತ್ತಾರೆ, ಕೊನೆಗೆ ಫೋರ್ಕ್ ಬಾಟಮ್‌ಗೆ (ಮುಂದಿನ ವೀಲ್ ಹಿಡಿಯುವ ಕಾಲಿನ ಕೆಳಭಾಗಕ್ಕೆ) ಪಟ್ಟಿ ವೆಲ್ಡ್ ಮಾಡಿಸಿ ಕ್ಯಾಲಿಪರ್ ನೇತುಹಾಕುತ್ತಾರೆ. ಗಾಡಿ ನಿಲ್ಲುತ್ತದೆ ನಿಜ. ಆದರೆ ಆ ಪಟ್ಟಿ ಯಾವತ್ತು ಕಿತ್ತು ಬರುತ್ತದೆ ಅಂತ ಯಾರೂ ಹೇಳಲಾರರು.

ತಪ್ಪು ಇರುವುದು ಕ್ರಮದಲ್ಲಿ. ಬ್ರೇಕ್ ಬೇಕು ಅಂತ ಬ್ರೇಕಿನಿಂದಲೇ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಹ್ಯಾಂಡಲ್ ತಿರುಗುವ ಸ್ಟೆಮ್‌ನಿಂದ. ಮೊದಲು ಸ್ಟೆಮ್, ಆಮೇಲೆ ಫೋರ್ಕ್, ಆಮೇಲೆ ವೀಲ್. ಬ್ರೇಕ್ ಕೊನೆಗೆ. ಇಲ್ಲಿ ಆರ್‌ಎಕ್ಸ್ 100 ಹಿಡಿದು ಬರೆದಿದ್ದೇನೆ, ಯೆಜ್ಡಿಗೋ ಹಳೇ ಬುಲೆಟ್‌ಗೋ ಮಾಡುವುದಾದರೂ ಅಳತೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಹಂತ 1: ಕಾಗದ, ಮತ್ತು ಗಾಡಿಯ ಮೈ

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಡಿ, ಅನುಮತಿ ಇಲ್ಲದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ನಿಂತಿತು. ಅಂದರೆ ರಸ್ತೆಯಲ್ಲಿರುವ ಪ್ರತಿ ಗಾಡಿಯೂ 15 ವರ್ಷ ದಾಟಿದೆ, 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಲೇಬೇಕು. ಸಾಮಾನಿಗೆ ಕೈ ಹಾಕುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಬ್ರೇಕ್ ಬದಲಾವಣೆ ಬಗ್ಗೆ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಬಿಚ್ಚಿದ ಹಳೇ ಮುಂಭಾಗವನ್ನು ಒಂದು ಬೋಲ್ಟ್ ಕೂಡ ಮಾರದೆ ಇಟ್ಟುಕೊಳ್ಳಿ, ಯಾವಾಗ ಬೇಕಾದರೂ ವಾಪಸ್ ಹಾಕುವಂತಿರಬೇಕು.

ಇನ್ನು ಗಾಡಿಯ ಮೈ. ಡಿಸ್ಕ್ ಹಿಡಿದಾಗ ಎಲ್ಲ ಒತ್ತಡ ಬೀಳುವುದು ಚಾಸಿಯ ಕುತ್ತಿಗೆಯ ಮೇಲೆ. ಟ್ಯಾಂಕ್ ಬಿಚ್ಚಿ, ಗ್ರೀಸ್ ಒರೆಸಿ, ಸ್ಟೆಮ್ ಕೂರುವ ಪೈಪು ಮತ್ತು ಅದಕ್ಕೆ ಸೇರುವ ಪೈಪುಗಳ ವೆಲ್ಡಿಂಗ್ ಸುತ್ತ ಟಾರ್ಚ್ ಹಾಕಿ ನೋಡಿ. ಬಣ್ಣದ ಮೇಲೆ ಕೂದಲಿನಷ್ಟು ಗೆರೆ, ಆ ಗೆರೆಯಲ್ಲಿ ತುಕ್ಕು ಕಂಡರೆ ಅದು ಬಿರುಕು ಅಂತಲೇ ತಿಳಿಯಿರಿ. ಅಂಥ ಚಾಸಿಗೆ ಡಿಸ್ಕ್ ಬೇಡ.

## ಹಂತ 2: ಏನೇನು ಬೇಕು

ಎಲ್ಲಕ್ಕಿಂತ ಮೊದಲು ವರ್ನಿಯರ್, ಮಿಲಿಮೀಟರಿಗಿಂತ ಸಣ್ಣ ಅಳತೆಯನ್ನೂ ತೋರಿಸುವ ಸಾಧನ. ಸ್ಟೀಲ್ ಸ್ಕೇಲ್ ಹಿಡಿದು ಅಳೆದು ಬೇರಿಂಗ್ ತರುವವರೇ ಎರಡೆರಡು ಸಲ ಅಂಗಡಿಗೆ ಓಡುವುದು. ಜೊತೆಗೆ ಸಿ ಸ್ಪ್ಯಾನರ್, ಟಾರ್ಕ್ ರೆಂಚ್, ಸರ್ಕ್ಲಿಪ್ ಪ್ಲೈಯರ್, ಇಂಜಿನ್ ಕೆಳಗೆ ಇಡಲು ಜಾಕ್ ಅಥವಾ ಗಟ್ಟಿ ಮರದ ದಿಮ್ಮಿ, ಉದ್ದದ ದಾರ, ಫೋರ್ಕ್ ಆಯಿಲ್ ಅಳೆಯಲು ಗುರುತಿರುವ ಲೋಟ, ಬ್ಲೀಡಿಂಗ್‌ಗೆ (ಬ್ರೇಕ್ ಆಯಿಲಿನಿಂದ ಗಾಳಿ ತೆಗೆಯಲು) ಪಾರದರ್ಶಕ ಟ್ಯೂಬ್, ಬೋಲ್ಟ್ ಸಡಿಲವಾಗದಂತೆ ಹಚ್ಚುವ ಥ್ರೆಡ್ ಲಾಕ್. ಡಿಸ್ಕ್ ಅಲ್ಲಾಟ ಅಳೆಯುವ ಡಯಲ್ ಗೇಜ್ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಲೇತ್‌ನವರ ಹತ್ತಿರ ಇದ್ದೇ ಇರುತ್ತದೆ.

ಲೇತ್ ಕೆಲಸದ ಒಳ್ಳೇ ಟರ್ನರ್ ಒಬ್ಬರು ಬೇಕು. ಅವರ ಹತ್ತಿರ ಗಾಡಿ ತಳ್ಳಿಕೊಂಡು ಹೋಗಿ "ನೋಡಿ ಮಾಡಿಬಿಡಿ" ಅನ್ನಬೇಡಿ. ಕಾಗದದ ಮೇಲೆ ಚಿತ್ರ ಬರೆದು, ಅಳತೆ ಬರೆದು, ಜೊತೆಗೆ ಕೂರಬೇಕಾದ ಬೇರಿಂಗನ್ನೇ ಕೈಗೆ ಕೊಡಿ. ಟರ್ನರ್ ಬೇರಿಂಗ್ ಹಿಡಿದು ಕಡಿದರೆ ಬುಶ್ ಸರಿಯಾಗಿ ಬರುತ್ತದೆ.

## ಹಂತ 3: ಯಾವ ಗಾಡಿಯ ಮುಂಭಾಗ ತರಬೇಕು

ಆರ್‌ಎಕ್ಸ್ ನೂರು ಕಿಲೋ ಆಸುಪಾಸಿನ ಹಗುರ ಗಾಡಿ. ಇದಕ್ಕೆ ಯಮಹಾ ಎಫ್‌ಜೆಡ್‌ನ 41 ಮಿಮೀ ದಪ್ಪದ ಫೋರ್ಕು, 100/80-17 ಟಯರು ತಂದು ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ನೋಡಲು ಗತ್ತಾಗಿಯೂ ಇರುತ್ತದೆ. ನನ್ನ ಮಾತು ಕೇಳಿ, ಬೇಡ. ಆ ಸ್ಪ್ರಿಂಗ್ ಭಾರದ ಗಾಡಿಗೆ ಮಾಡಿದ್ದು. ಆರ್‌ಎಕ್ಸ್‌ನಲ್ಲಿ ಅದು ಸರಿಯಾಗಿ ಕುಗ್ಗುವುದೇ ಇಲ್ಲ, ಮುಂದಿನ ವೀಲ್ ಹಳ್ಳದಲ್ಲಿ ಕುಣಿಯುತ್ತದೆ, ಹ್ಯಾಂಡಲ್ ಭಾರವಾಗುತ್ತದೆ.

125ರಿಂದ 150 ಸಿಸಿ ವರ್ಗದ, 30–31 ಮಿಮೀ ಪೈಪಿನ ಫೋರ್ಕ್ ಇರುವ ಗಾಡಿ ಸಾಕು. ಹಳೇ ಪಲ್ಸರ್ 150ರ 240 ಮಿಮೀ ಡಿಸ್ಕ್ ಈ ಗಾಡಿಯ ತೂಕಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ. ಎಬಿಎಸ್ (ಬ್ರೇಕ್ ಹಿಡಿದಾಗ ವೀಲ್ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೇ ಮಾದರಿಯನ್ನೇ ಹುಡುಕಿ. ಎಬಿಎಸ್ ಗಾಡಿಯ ಹೋಸ್ ನೇರವಾಗಿ ಕ್ಯಾಲಿಪರ್‌ಗೆ ಹೋಗುವುದಿಲ್ಲ, ನಡುವೆ ಬ್ರೇಕ್ ಒತ್ತಡ ನಿಯಂತ್ರಿಸುವ ಮಾಡ್ಯುಲೇಟರ್ ಇರುತ್ತದೆ, ಅದನ್ನು ತೆಗೆದರೆ ಆ ಹೋಸ್ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿ ಒಂದು ನಿಯಮ ಮುರಿಯಬೇಡಿ. ಮುಂಭಾಗವನ್ನು ಒಂದೇ ಗಾಡಿಯಿಂದ ಪೂರ್ತಿ ಸೆಟ್ಟಾಗಿ ತನ್ನಿ. ಮೇಲಿನ ಟಿ, ಕೆಳಗಿನ ಟಿ (ಎರಡು ಫೋರ್ಕನ್ನು ಸ್ಟೆಮ್‌ಗೆ ಸೇರಿಸಿ ಹಿಡಿಯುವ ಭಾಗಗಳು), ಎರಡೂ ಫೋರ್ಕ್, ಆಕ್ಸಲ್, ಬುಶ್‌ಗಳು, ವೀಲ್, ಡಿಸ್ಕ್, ಕ್ಯಾಲಿಪರ್, ಹೋಸ್, ಮಾಸ್ಟರ್ ಸಿಲಿಂಡರ್ (ಲಿವರ್ ಹಿಡಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ), ಮಡ್‌ಗಾರ್ಡ್, ಮೀಟರ್ ಗೇರ್. ಬಿಡಿಬಿಡಿಯಾಗಿ ತಂದರೆ ಅಗ್ಗ ಅನಿಸುತ್ತದೆ, ಆದರೆ ಒಂದೊಂದು ಜೋಡಿಯ ನಡುವೆಯೂ ಹೊಸ ಅಳತೆಯ ತಲೆನೋವು ಹುಟ್ಟುತ್ತದೆ. ಪೂರ್ತಿ ಸೆಟ್ ಇದ್ದರೆ ನೀವು ಹೊಂದಿಸಬೇಕಾದದ್ದು ಮುಖ್ಯವಾಗಿ ಒಂದೇ ಜಾಗ, ಸ್ಟೆಮ್.

## ಹಂತ 4: ಕೊಳ್ಳುವಾಗಲೇ ನೋಡಬೇಕಾದದ್ದು

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೊಳ್ಳಿ, ಜೆ.ಸಿ. ರೋಡಿನಲ್ಲಿ ಕೊಳ್ಳಿ, ಅಲ್ಲೇ ನಿಂತು ನೋಡಿ. ಗುಜರಿಗೆ ಬಂದ ಮುಂಭಾಗದ ಗಾಡಿ ಆಕ್ಸಿಡೆಂಟ್ ಆಗಿರುವ ಸಾಧ್ಯತೆ ಜಾಸ್ತಿ, ಅಲ್ವಾ? ಫೋರ್ಕ್ ಪೈಪನ್ನು ಗಾಜಿನ ಮೇಲೆ ಉರುಳಿಸಿ, ಎಲ್ಲೂ ಬೆಳಕು ನುಸುಳಬಾರದು. ಟಿಗೆ ಕೂರುವ ಜಾಗದ ಕೆಳಗೆ ಕ್ರೋಮ್ ಮೇಲೆ ಸುಕ್ಕಿನಂಥ ಗೆರೆ ಇದ್ದರೆ ಪೈಪು ಬಗ್ಗಿ, ತಿರುಗಿ ನೆಟ್ಟಗೆ ಮಾಡಿದ್ದು. ಅದು ಬೇಡ.

ಎರಡು ಟಿಗಳಿಗೂ ಪೈಪು ತೂರಿಸಿ. ಬಲವಂತ ಇಲ್ಲದೆ ಇಳಿಯಬೇಕು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಕೊರೆದಿರುತ್ತದೆ, ವರ್ನಿಯರ್‌ನಲ್ಲಿ ಅಳೆಯಿರಿ. ಅಂಚು ಎತ್ತರವಾಗಿ ನಡುವೆ ಸವೆದಿದ್ದರೆ ಅಂಚು ಬಿಟ್ಟು ಒಳಗೆ ಅಳೆಯಬೇಕು. ಕ್ಯಾಲಿಪರ್ ಬೋಲ್ಟ್ ಕೂರುವ ಕಿವಿಗಳಲ್ಲಿ ವೆಲ್ಡಿಂಗ್ ಗುರುತು ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ.

ಕ್ಯಾಲಿಪರ್ ಸೀಲ್, ಮಾಸ್ಟರ್ ಕಿಟ್, ಪ್ಯಾಡ್, ಹೋಸ್, ವೀಲ್ ಬೇರಿಂಗ್, ಫೋರ್ಕ್ ಆಯಿಲ್ ಸೀಲ್ ಇಷ್ಟೂ ಹೊಸದು. ಹಳೇ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿರಬಹುದು.

## ಹಂತ 5: ಬಿಚ್ಚುವ ಮೊದಲು ಅಳತೆ

ಈ ಹಂತವನ್ನು ಬಿಟ್ಟವರಿಗೆ ಆಮೇಲೆ ಇದನ್ನು ಮಾಡಲು ಆಗುವುದೇ ಇಲ್ಲ, ಯಾಕೆಂದರೆ ಹಳೇ ಗಾಡಿ ಬಿಚ್ಚಿ ಹೋಗಿರುತ್ತದೆ.

ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ನೀವು ಕೂತುಕೊಳ್ಳಿ, ಗೆಳೆಯರೊಬ್ಬರು ನೆಟ್ಟಗೆ ಹಿಡಿದುಕೊಳ್ಳಲಿ, ಇನ್ನೊಬ್ಬರು ನೆಲದಿಂದ ಕುತ್ತಿಗೆ ಪೈಪಿನ ಕೆಳ ಅಂಚಿನವರೆಗೆ ಅಳೆಯಲಿ. ಈ ಒಂದು ಸಂಖ್ಯೆ ಬರೆದಿಡಿ. ಇದರ ಮೇಲೇ ಹಂತ 7 ನಿಂತಿದೆ. ಕೂತೇ ಅಳೆಯಬೇಕು. ಖಾಲಿ ಗಾಡಿಯಲ್ಲಿ ಅಳೆದರೆ ಹಳೇ ಸ್ಪ್ರಿಂಗು ಹೊಸ ಸ್ಪ್ರಿಂಗು ಬೇರೆ ಬೇರೆ ಕುಗ್ಗುವುದು ಲೆಕ್ಕಕ್ಕೆ ಬರುವುದಿಲ್ಲ.

ಜೊತೆಗೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಟ್ಯಾಂಕ್‌ಗೆ ಎಷ್ಟು ಅಂತರ ಉಳಿಯುತ್ತದೆ ನೋಡಿ, ಕೇಬಲ್‌ಗಳು ಯಾವ ದಾರಿಯಲ್ಲಿ ಹೋಗುತ್ತವೆ ಅಂತ ಫೋಟೋ ತೆಗೆಯಿರಿ.

## ಹಂತ 6: ಸ್ಟೆಮ್

ಎಲ್ಲರೂ ಸೋಲುವ ಜಾಗ ಇದು. ನಿಧಾನವಾಗಿ ಓದಿ.

ಮೊದಲು ನಾಲ್ಕು ಅಳತೆ: ಚಾಸಿ ಕುತ್ತಿಗೆಯ ಪೂರ್ತಿ ಎತ್ತರ, ಅದರಲ್ಲಿ ಸ್ಟೆಮ್ ಬೇರಿಂಗಿನ ಬಟ್ಟಲು ಕೂರುವ ಜಾಗದ ಒಳವ್ಯಾಸ ಮೇಲೆ ಮತ್ತು ಕೆಳಗೆ, ತಂದ ಟಿಯ ಸ್ಟೆಮ್ ದಪ್ಪ (ಅದೂ ಮೇಲೆ ಕೆಳಗೆ ಬೇರೆ ಇರುತ್ತದೆ), ಮತ್ತು ಸ್ಟೆಮ್ ಉದ್ದ. ಎರಡೂ ಗಾಡಿಯ ಕೋನ್ ಸೆಟ್ (ಸ್ಟೆಮ್ ಬೇರಿಂಗ್ ಸೆಟ್) ಪಕ್ಕಪಕ್ಕ ಇಟ್ಟು ನೋಡಿ. ತಂದ ಗಾಡಿಯ ಕೋನ್ ಸೆಟ್‌ನ ಬಟ್ಟಲು ನಿಮ್ಮ ಚಾಸಿಗೆ ನೇರವಾಗಿ ಕೂತು, ಉದ್ದವೂ ಸರಿಹೋದರೆ ಕೆಲಸ ಅಲ್ಲಿಗೇ ಮುಗಿಯಿತು. ಹಾಗಾಗದಿದ್ದರೆ ದಾರಿ ಎರಡು.

ಮೊದಲ ದಾರಿ, ಬೇರಿಂಗ್ ಬದಲಿಸುವುದು. ಹೊರವ್ಯಾಸ ನಿಮ್ಮ ಚಾಸಿಗೆ, ಒಳವ್ಯಾಸ ತಂದ ಸ್ಟೆಮ್‌ಗೆ ಹೊಂದುವ ಟೇಪರ್ ರೋಲರ್ ಬೇರಿಂಗ್ ಹುಡುಕುವುದು. ಬೇರಿಂಗ್ ಅಂಗಡಿಗೆ ಸಂಖ್ಯೆ ಕೇಳಿಕೊಂಡು ಹೋಗಬೇಡಿ, ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಹೇಳಿ, ಅವರು ಪಟ್ಟಿಯಲ್ಲಿ ನೋಡಿ ಕೊಡುತ್ತಾರೆ. ಅರ್ಧ ಮಿಲಿಮೀಟರ್ ಸಡಿಲ ಇದ್ದರೆ ತಗಡು ಸುತ್ತಿ ಬಿಗಿ ಮಾಡುವ ಕೆಲಸ ಮಾತ್ರ ಬೇಡ. ಅಂತರ ಇದ್ದರೆ ಕಡಿದು ಮಾಡಿದ ಸ್ಟೀಲ್ ಬುಶ್ ಬೇಕು.

ಎರಡನೇ ದಾರಿ, ಸ್ಟೆಮ್ ಬದಲಿಸುವುದು. ತಂದ ಕೆಳಗಿನ ಟಿಯಿಂದ ಸ್ಟೆಮ್ ಪ್ರೆಸ್‌ನಲ್ಲಿ ತೆಗೆದು, ನಿಮ್ಮ ಆರ್‌ಎಕ್ಸ್ ಸ್ಟೆಮ್‌ನ ಅಳತೆಯಲ್ಲೇ ಹೊಸದೊಂದು ಕಡಿಸಿ ಆ ಟಿಗೆ ಕೂರಿಸುವುದು. ಉದ್ದ ಹೊಂದದಿದ್ದಾಗ ಇದೇ ಸರಿಯಾದ ದಾರಿ. ಇಎನ್8 ಅಥವಾ ಇಎನ್24 ಸ್ಟೀಲ್ ಕೇಳಿ. ಸ್ಟೆಮ್‌ನ ಕೆಳತುದಿಯಲ್ಲಿ ಅಗಲವಾದ ಅಂಚು ಬಿಟ್ಟಿರಬೇಕು, ಟಿಯ ತೂತಿಗಿಂತ ಸ್ಟೆಮ್ 0.03ರಿಂದ 0.05 ಮಿಮೀ ದಪ್ಪ ಇರಬೇಕು, ಕೆಳಗಿನಿಂದ ಮೇಲಕ್ಕೆ ಪ್ರೆಸ್ ಮಾಡಬೇಕು. ಮೇಲಿನ ನಟ್ ಬಿಗಿದಾಗ ಸ್ಟೆಮ್ ಮೇಲಕ್ಕೆ ಎಳೆಯಲ್ಪಡುತ್ತದೆ, ಆಗ ಆ ಅಂಚು ಹಿಡಿದು ನಿಲ್ಲಿಸುತ್ತದೆ. ಬರೀ ಬಿಗಿಯ ಮೇಲೆ ನಂಬಿಕೆ ಇಟ್ಟರೆ ಒಂದು ದಿನ ಜಾರುತ್ತದೆ.

ಮಾಡಲೇಬಾರದ್ದು ಎರಡಿವೆ. ಉದ್ದ ಸಾಲಲಿಲ್ಲ ಅಂತ ಸ್ಟೆಮ್‌ಗೆ ತುಂಡು ಸೇರಿಸಿ ವೆಲ್ಡ್ ಮಾಡಬಾರದು. ಇನ್ನೊಂದು, ಚಾಸಿ ಕುತ್ತಿಗೆಯನ್ನು ಒಳಗೆ ಕೊರೆಯಬಾರದು, ಹೊರಗೆ ಗ್ರೈಂಡರ್ ಮುಟ್ಟಿಸಬಾರದು. ಆರ್‌ಎಕ್ಸ್‌ನ ಚಾಸಿ ನಂಬರ್ ಇರುವುದೇ ಅಲ್ಲಿ. ಅದು ಅಳಿಸಿದರೆ ಕಾಗದ ಇದ್ದೂ ಪ್ರಯೋಜನ ಇಲ್ಲ.

ಕೂರಿಸಿದ ಮೇಲೆ ಪರೀಕ್ಷೆ: ಮುಂದಿನ ವೀಲ್ ನೆಲದಿಂದ ಎತ್ತಿ, ಹ್ಯಾಂಡಲ್ ನಡುವಿನಿಂದ ಬೆರಳಲ್ಲಿ ತಳ್ಳಿದರೆ ತಾನಾಗಿ ಪಕ್ಕಕ್ಕೆ ಬೀಳಬೇಕು. ನಡುವೆ ಎಲ್ಲೂ ಕಚ್ಚಬಾರದು. ಫೋರ್ಕ್ ಬಾಟಮ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ 'ಟಕ್' ಅನ್ನಬಾರದು. ಟೇಪರ್ ಬೇರಿಂಗ್ ಆದರೆ ಮೊದಲ ಸಲ ಸ್ವಲ್ಪ ಜಾಸ್ತಿ ಬಿಗಿದು, ಹತ್ತಾರು ಸಲ ತಿರುಗಿಸಿ, ಸಡಿಲಿಸಿ, ಮತ್ತೆ ಸರಿಯಾಗಿ ಬಿಗಿಯಿರಿ.

ಸ್ಟಾಪರ್ ಮರೆಯಬೇಡಿ. ಚಾಸಿಯ ಕಿವಿಗೆ ತಾಗಿ ಹ್ಯಾಂಡಲ್ ನಿಲ್ಲಬೇಕಾದ ಜಾಗ ಹೊಸ ಟಿಯಲ್ಲಿ ಬೇರೆ ಕಡೆ ಇರುತ್ತದೆ. ಹಾಗೇ ಬಿಟ್ಟರೆ ಫೋರ್ಕ್ ಟ್ಯಾಂಕಿಗೆ ಹೊಡೆಯುತ್ತದೆ, ಇಲ್ಲವೇ ಹೆಬ್ಬೆರಳು ಟ್ಯಾಂಕು ಮತ್ತು ಹ್ಯಾಂಡಲ್ ನಡುವೆ ಸಿಕ್ಕಿಕೊಳ್ಳುತ್ತದೆ, ಅದೂ ಯೂ ಟರ್ನ್ ತೆಗೆಯುವಾಗ. ಹ್ಯಾಂಡಲ್ ಲಾಕ್ ಕೂಡ ಬೀಳದೆ ಹೋಗಬಹುದು, ಈಗಲೇ ನೋಡಿಕೊಳ್ಳಿ.

## ಹಂತ 7: ಎತ್ತರ ಹೊಂದಿಸುವುದು

ಫೋರ್ಕ್ ಹಾಕಿ, ವೀಲ್ ಹಾಕಿ, ಮತ್ತೆ ಕೂತು ಅಳೆಯಿರಿ. ಹಂತ 5ರ ಸಂಖ್ಯೆ ಬರಬೇಕು. ಆರ್‌ಎಕ್ಸ್‌ನ ಮುಂದಿನ 2.50-18 ಟಯರಿನ ವ್ಯಾಸ ಲೆಕ್ಕದಲ್ಲಿ ಸುಮಾರು 584 ಮಿಮೀ, ತಂದ ವೀಲ್‌ನಲ್ಲಿ 2.75-17 ಟಯರಿದ್ದರೆ ಅದರದು 571 ಮಿಮೀ. ಅಂದರೆ ವೀಲ್ ಒಂದರಿಂದಲೇ ಮುಂಭಾಗ 6 ಮಿಮೀ ಇಳಿಯುತ್ತದೆ. ಫೋರ್ಕ್ ಉದ್ದದ ವ್ಯತ್ಯಾಸ ಬೇರೆ.

ಆರ್‌ಎಕ್ಸ್‌ನ ಎರಡು ವೀಲ್ ನಡುವಿನ ದೂರ 1240 ಮಿಮೀ ಆಸುಪಾಸು. ಈ ಉದ್ದಕ್ಕೆ ಮುಂಭಾಗ 22 ಮಿಮೀ ಇಳಿದರೆ ಫೋರ್ಕ್ ಕೋನ ಹೆಚ್ಚುಕಡಿಮೆ 1 ಡಿಗ್ರಿ ನೆಟ್ಟಗಾಗುತ್ತದೆ. ಆಗ ಗಾಡಿ ಗಲ್ಲಿಯಲ್ಲಿ ಚುರುಕಾಗಿ ತಿರುಗುತ್ತದೆ, ಹೈವೇಯಲ್ಲಿ ಹ್ಯಾಂಡಲ್ ಚಂಚಲ ಆಗುತ್ತದೆ. ಮುಂಭಾಗ ಎತ್ತರ ಆದರೆ ಇದರ ಉಲ್ಟಾ, ತಿರುವಿನಲ್ಲಿ ಗಾಡಿ ಹೊರಗೆ ಹೋಗುತ್ತದೆ. 10 ಮಿಮೀ ಒಳಗೆ ಹೊಂದಿಸಿದರೆ ಸಾಕು. ಫೋರ್ಕ್ ಉದ್ದ ಇದ್ದರೆ ಪೈಪನ್ನು ಟಿಯಲ್ಲಿ ಮೇಲಕ್ಕೆ ತಳ್ಳಿ ಬಿಗಿಯಬಹುದು. ಗಿಡ್ಡ ಇದ್ದರೆ ಬೇರೆ ಫೋರ್ಕ್ ಹುಡುಕಿ. ಸ್ಪ್ರಿಂಗ್ ಮೇಲೆ ದೊಡ್ಡ ಬುಶ್ ಇಟ್ಟು ಎತ್ತರಿಸುವುದು ಪರಿಹಾರ ಅಲ್ಲ, ಫೋರ್ಕ್ ಗಟ್ಟಿಯಾಗಿಬಿಡುತ್ತದೆ.

ಈಗ ಬಹಳ ಜನ ಮಾಡದ ಒಂದು ಪರೀಕ್ಷೆ. ಎರಡೂ ಫೋರ್ಕ್‌ನ ಸ್ಪ್ರಿಂಗ್ ಹೊರಗೆ ತೆಗೆದು, ಮುಂಭಾಗವನ್ನು ಪೂರ್ತಿ ಕೆಳಕ್ಕೆ ಕೂರಿಸಿ. ಆ ಸ್ಥಿತಿಯಲ್ಲಿ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ಟಯರು ಕೆಳಗಿನ ಟಿಗೆ, ಹಾರ್ನ್‌ಗೆ, ಮುಖ್ಯವಾಗಿ ಸೈಲೆನ್ಸರ್ ಬೆಂಡ್ ಪೈಪಿಗೆ ತಾಗುತ್ತದಾ ನೋಡಿ. ಎಲ್ಲ ಕಡೆ ಕನಿಷ್ಠ 10 ಮಿಮೀ ಜಾಗ ಬೇಕು. ಹಂಪ್ ಮೇಲೆ ಜೋರಾಗಿ ಬ್ರೇಕ್ ಹಿಡಿದಾಗ ಫೋರ್ಕ್ ಇಷ್ಟೇ ಕೆಳಗೆ ಹೋಗುತ್ತದೆ.

## ಹಂತ 8: ವೀಲ್ ಮತ್ತು ಬುಶ್

ಪೂರ್ತಿ ಸೆಟ್ ತಂದಿದ್ದರೆ ಇದು ಬೇಗ ಮುಗಿಯುತ್ತದೆ. ಹಿಂದಿನ ಟಯರಿನಿಂದ ಎರಡೂ ಬದಿಯಲ್ಲಿ ದಾರ ಎಳೆದು, ಮುಂದಿನ ವೀಲ್ ಎರಡು ದಾರದ ನಡುವೆ ಸಮವಾಗಿ ಇದೆಯಾ ನೋಡಿದರೆ ಆಯಿತು.

ಹಳೇ ನೋಟ ಉಳಿಸಿಕೊಳ್ಳಲು ಡಿಸ್ಕ್ ಹಬ್‌ಗೆ 18 ಇಂಚಿನ ರಿಮ್, ಕಡ್ಡಿ ಹಾಕಿಸುವವರು ಹಬ್ಬಿನ ತೂತು ಮತ್ತು ರಿಮ್ಮಿನ ತೂತು ಮೊದಲು ಎಣಿಸಿ. 36ಕ್ಕೆ 36 ಇರಬೇಕು. ಕಡ್ಡಿ ಉದ್ದ ಹೊಸದಾಗಿ ಲೆಕ್ಕ ಹಾಕಿಸಬೇಕು, ಹಳೇ ಕಡ್ಡಿ ಆಗುವುದಿಲ್ಲ.

ಆಕ್ಸಲ್ ದಪ್ಪ ಬೇರೆ ಇದ್ದರೆ ಬೇರಿಂಗ್ ಬದಲಿಸುವುದೇ ಸರಳ. 6201 ಬೇರಿಂಗ್ 12×32×10, 6301 ಬೇರಿಂಗ್ 12×37×12, 6202 ಬೇರಿಂಗ್ 15×35×11. ಅಳತೆ ಹಿಡಿದು ಆರಿಸಿಕೊಳ್ಳಿ. ಎರಡು ಬೇರಿಂಗ್ ನಡುವೆ ಇರುವ ಪೈಪಿನ ತುಂಡು ಗುಜರಿ ವೀಲ್‌ಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಅದಿಲ್ಲದೆ ಆಕ್ಸಲ್ ಬಿಗಿದರೆ ಬೇರಿಂಗ್ ಪಕ್ಕಕ್ಕೆ ಒತ್ತಿಕೊಂಡು ಬಿಸಿಯಾಗಿ ಒಡೆಯುತ್ತದೆ. ಆಕ್ಸಲ್ ಬಿಗಿದ ತಕ್ಷಣ ವೀಲ್ ತಿರುಗುವುದು ಭಾರವಾದರೆ ಇದೇ ಕಾರಣ, ಅಥವಾ ಆ ತುಂಡು ಗಿಡ್ಡ ಆಗಿದೆ. ನಟ್ ಸಡಿಲಿಸಿ ಓಡಿಸುವುದು ಪರಿಹಾರ ಅಲ್ಲ.

## ಹಂತ 9: ಡಿಸ್ಕ್ ಮತ್ತು ಕ್ಯಾಲಿಪರ್

ಡಿಸ್ಕ್ ಮೇಲೆ ಬಾಣದ ಗುರುತಿದ್ದರೆ ಅದು ವೀಲ್ ತಿರುಗುವ ದಿಕ್ಕಿಗೇ ಇರಬೇಕು. 8 ಮಿಮೀ ಬೋಲ್ಟ್‌ಗಳಾದರೆ ಥ್ರೆಡ್ ಲಾಕ್ ಹಾಕಿ, ಎದುರುಬದುರಾಗಿ, 20–25 ನ್ಯೂಟನ್ ಮೀಟರ್. ಡಯಲ್ ಗೇಜ್ ಇಟ್ಟು ವೀಲ್ ತಿರುಗಿಸಿ. 0.3 ಮಿಮೀಗಿಂತ ಜಾಸ್ತಿ ಅಲ್ಲಾಡಿದರೆ ಡಿಸ್ಕ್ ಬಗ್ಗಿದೆ.

ಕ್ಯಾಲಿಪರ್ ನಡುವಿನ ಸೀಳು ಮತ್ತು ಡಿಸ್ಕ್ ಒಂದೇ ಗೆರೆಯಲ್ಲಿ ಇರಬೇಕು. ಒಂದೆರಡು ಮಿಲಿಮೀಟರ್ ಪಕ್ಕಕ್ಕಿದ್ದರೆ ಕ್ಯಾಲಿಪರ್ ಬ್ರಾಕೆಟ್ ಹಿಂದೆ ಕಡಿದು ಮಾಡಿದ ಸ್ಟೀಲ್ ವಾಷರ್ ಹಾಕಬಹುದು, ಬೋಲ್ಟ್ ಅಷ್ಟೇ ಉದ್ದ ಜಾಸ್ತಿ ಇರಬೇಕು. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಲ್ಲೋ ಬುಶ್ ಎಡಬಲ ಆಗಿದೆ ಅಂತ ಅರ್ಥ, ಹಿಂದಕ್ಕೆ ಹೋಗಿ ನೋಡಿ.

ಫೋರ್ಕ್ ಬಾಟಮ್ ಅಲ್ಯೂಮಿನಿಯಂ ಎರಕ. ಅದಕ್ಕೆ ಕಿವಿ ವೆಲ್ಡ್ ಮಾಡಿಸಬೇಡಿ. ಪೈಪಿಗೆ ಕ್ಲ್ಯಾಂಪ್ ಸುತ್ತಿ ಕ್ಯಾಲಿಪರ್ ಕಟ್ಟಬೇಡಿ. ಇದರಲ್ಲಿ ರಾಜಿ ಇಲ್ಲ. ಮುಂದಿನ ಬ್ರೇಕ್ ಕಿತ್ತುಬಂದು ಕಡ್ಡಿಗೆ ಸಿಕ್ಕಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ.

## ಹಂತ 10: ಮಾಸ್ಟರ್, ಹೋಸ್, ಗಾಳಿ ತೆಗೆಯುವುದು

ಮಾಸ್ಟರ್ ಸಿಲಿಂಡರ್ ಕ್ಯಾಲಿಪರ್ ಬಂದ ಗಾಡಿಯದ್ದೇ ಇರಲಿ. ಮಾಸ್ಟರ್ ಪಿಸ್ಟನ್ ದೊಡ್ಡದಾದರೆ ಲಿವರ್ ಕಲ್ಲಿನಂತೆ ಗಟ್ಟಿ, ಗಾಡಿ ನಿಲ್ಲುವುದಿಲ್ಲ. ಚಿಕ್ಕದಾದರೆ ಲಿವರ್ ಗ್ರಿಪ್‌ವರೆಗೆ ಬರುತ್ತದೆ. ಲಿವರ್ ಗಟ್ಟಿ ಇದ್ದರೆ ಬ್ರೇಕ್ ಒಳ್ಳೇದು ಅಂತ ಎಷ್ಟೋ ಜನ ತಪ್ಪು ತಿಳಿಯುತ್ತಾರೆ.

ಹೋಸ್ ತುದಿಯನ್ನು ಬಿಗಿಯುವ, ಒಳಗೆ ತೂತಿರುವ ಬ್ಯಾಂಜೋ ಬೋಲ್ಟ್ ನೋಡಲು ಒಂದೇ ಥರ ಇದ್ದರೂ 10 ಮಿಮೀ ಬೋಲ್ಟ್‌ನಲ್ಲಿ 1.25 ಥ್ರೆಡ್, 1.0 ಥ್ರೆಡ್ ಎರಡೂ ಇವೆ. ಕೈಯಲ್ಲಿ ನಾಲ್ಕೈದು ಸುತ್ತು ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ. ತಾಮ್ರದ ವಾಷರ್ ಪ್ರತಿ ಸಲ ಹೊಸದು, ಹೋಸ್‌ನ ಎರಡೂ ಬದಿಗೆ ಒಂದೊಂದು.

ಫೋರ್ಕ್ ಪೂರ್ತಿ ಚಾಚಿದಾಗ ಹೋಸ್ ಎಳೆಯಬಾರದು, ಕುಗ್ಗಿದಾಗ ಟಯರಿಗೆ ತಾಗಬಾರದು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಆಯಿಲ್ ಮಾತ್ರ ಹಾಕಿ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಬೆರೆಸಬಾರದು. ಟ್ಯಾಂಕ್ ಮೇಲೆ ಬಟ್ಟೆ ಹಾಸಿ, ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಎದ್ದು ಬರುತ್ತದೆ.

ಎಷ್ಟು ಬ್ಲೀಡ್ ಮಾಡಿದರೂ ಲಿವರ್ ಮೆತ್ತಗೇ ಇದೆ ಅನ್ನುವವರು ಕ್ಯಾಲಿಪರ್‌ನ ಬ್ಲೀಡಿಂಗ್ ನಿಪ್ಪಲ್ ಎಲ್ಲಿದೆ ನೋಡಿ. ಅದು ಎಲ್ಲಕ್ಕಿಂತ ಮೇಲೆ ಇರಬೇಕು. ಬಲದ ಕ್ಯಾಲಿಪರ್ ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೇ ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ಕ್ಯಾಲಿಪರ್ ಬಿಚ್ಚಿ, ಪ್ಯಾಡ್ ನಡುವೆ ಡಿಸ್ಕಿನಷ್ಟು ದಪ್ಪದ ತುಂಡು ಇಟ್ಟು, ನಿಪ್ಪಲ್ ಮೇಲೆ ಬರುವಂತೆ ಹಿಡಿದು ಬ್ಲೀಡ್ ಮಾಡಿ.

ಕೊನೆಗೆ ಲಿವರ್ ಜೋರಾಗಿ ಅರ್ಧ ನಿಮಿಷ ಹಿಡಿಯಿರಿ. ನಿಧಾನವಾಗಿ ಒಳಗೆ ಹೋಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಒಳಗಿನ ಸೀಲ್ ಹೋಗಿದೆ.

## ಹಂತ 11: ವೈರು, ಮೀಟರ್, ಸಣ್ಣಪುಟ್ಟದ್ದು

ಹೊಸ ಮಾಸ್ಟರ್‌ನಲ್ಲಿರುವ ಬ್ರೇಕ್ ಸ್ವಿಚ್‌ನ ಎರಡು ವೈರನ್ನು ಹಿಂದಿನ ಬ್ರೇಕ್ ಸ್ವಿಚ್‌ನ ವೈರುಗಳಿಗೆ ಸಮಾನಾಂತರವಾಗಿ ಜೋಡಿಸಿ, ಯಾವ ಬ್ರೇಕ್ ಹಿಡಿದರೂ ಲೈಟ್ ಉರಿಯಬೇಕು. ಯಮಹಾ ಮಾಸ್ಟರ್ ತಂದಿದ್ದರೆ ಬಲಗಡೆ ಕನ್ನಡಿ ಸಾಮಾನ್ಯವಾಗಿ ಲೆಫ್ಟ್ ಥ್ರೆಡ್, ಬಲವಂತ ಮಾಡಿ ಹಾಳು ಮಾಡಬೇಡಿ. ಮೀಟರ್ ಕೇಬಲ್ ತುದಿ ಹೊಂದಿದರೂ ಗೇರ್ ಲೆಕ್ಕ ಬೇರೆ ಇರುತ್ತದೆ, ಮೊಬೈಲ್ ಜಿಪಿಎಸ್ ಜೊತೆ ಹೋಲಿಸಿ. ಇಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಐಡಲ್ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ.

## ಹಂತ 12: ಓಡಿಸಿ ನೋಡುವುದು

ಮೊದಲು ತಳ್ಳಿಕೊಂಡು ಹೋಗಿ ಬ್ರೇಕ್ ಹಿಡಿಯಿರಿ. ಆಮೇಲೆ ಖಾಲಿ ರಸ್ತೆಯಲ್ಲಿ 20ರ ವೇಗ. ಸರಿ ಇದ್ದರೆ ಪ್ಯಾಡ್ ಕೂರಿಸಿ: 40ರಿಂದ 10ಕ್ಕೆ ಮಧ್ಯಮ ಒತ್ತಿನಲ್ಲಿ ಇಳಿಸುವುದು, ಪೂರ್ತಿ ನಿಲ್ಲಿಸದೆ, ನಡುವೆ ತಣ್ಣಗಾಗಲು ಬಿಟ್ಟು, 15–20 ಸಲ. ಅಲ್ಲಿವರೆಗೆ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ, ಗಾಬರಿ ಬೇಡ. ಟಯರ್ ಹಳೆಯದಾದರೆ ಡಿಸ್ಕ್ ಒಳ್ಳೇದಾದಷ್ಟೂ ಅಪಾಯ ಜಾಸ್ತಿ. ಟಯರಿನ ಬದಿಯ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಬದಲಿಸಿ.

ಹ್ಯಾಂಡಲ್ 40–50ರಲ್ಲಿ ನಡುಗಿದರೆ ಸ್ಟೆಮ್ ಬೇರಿಂಗ್ ಸಡಿಲ, ಇಲ್ಲವೇ ವೀಲ್ ಬ್ಯಾಲೆನ್ಸ್ ಸರಿ ಇಲ್ಲ. ನೇರ ಹೋಗದೆ ಎಡಬಲ ತೂಗಾಡಿದರೆ ಬೇರಿಂಗ್ ತುಂಬಾ ಬಿಗಿ. ಬ್ರೇಕ್ ಹಿಡಿದಾಗ ಒಂದು ಕಡೆ ಎಳೆದರೆ ಪೈಪುಗಳು ಟಿಯಲ್ಲಿ ಸಮ ಎತ್ತರಕ್ಕಿಲ್ಲ, ಅಥವಾ ಆಕ್ಸಲ್ ಬಿಗಿಯುವ ಮೊದಲು ಫೋರ್ಕ್ ಕುಗ್ಗಿಸಿ ಸಡಿಲ ಬಿಟ್ಟಿಲ್ಲ. ಲಿವರ್ ಬಡಿಯುವಂತಾದರೆ ಡಿಸ್ಕ್ ಬಗ್ಗಿದೆ. ಸ್ವಲ್ಪ ದೂರ ಓಡಿಸಿದ ಮೇಲೆ ಬ್ರೇಕ್ ತಾನೇ ಹಿಡಿದುಕೊಂಡು ಡಿಸ್ಕ್ ವಿಪರೀತ ಬಿಸಿಯಾದರೆ, ಕ್ಯಾಲಿಪರ್ ಜಾರುವ ಪಿನ್ ಒಣಗಿದೆ, ಇಲ್ಲವೇ ಲಿವರ್ ಪೂರ್ತಿ ಹಿಂದಕ್ಕೆ ಬರದೆ ಮಾಸ್ಟರ್‌ನ ಸಣ್ಣ ತೂತು ಮುಚ್ಚಿಕೊಂಡಿದೆ. ಡಿಸ್ಕ್ ಮುಟ್ಟಿ ನೋಡಬೇಡಿ, ನೀರು ಚಿಮುಕಿಸಿ ನೋಡಿ.

50 ಕಿಲೋಮೀಟರ್ ಆದ ಮೇಲೆ ಟಿ ಬೋಲ್ಟ್, ಆಕ್ಸಲ್ ನಟ್, ಕ್ಯಾಲಿಪರ್ ಬೋಲ್ಟ್ ಮತ್ತೆ ಟಾರ್ಕ್ ಹಾಕಿ ನೋಡಿ, 200ಕ್ಕೆ ಮತ್ತೊಮ್ಮೆ, ಆಗ ಸ್ಟೆಮ್ ಬೇರಿಂಗ್ ಸಡಿಲವನ್ನೂ ನೋಡಿ. 500 ಕಿಲೋಮೀಟರ್‌ಗೆ ಟ್ಯಾಂಕ್ ಬಿಚ್ಚಿ, ಹಂತ 1ರಲ್ಲಿ ಹೇಳಿದ ಹಾಗೆ ಕುತ್ತಿಗೆಯ ವೆಲ್ಡಿಂಗ್ ಸುತ್ತ ಟಾರ್ಚ್ ಹಾಕಿ. ಹೊಸ ಗೆರೆ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ.